ಬಳಪದ ಕಲ್ಲಿನ ಮೇಲೆ ಹೊರಿಸಿದ್ದು

ಅರಸೀಕೆರೆಯಿಂದ ಬೇಲೂರಿಗೆ ಹೋಗುವವರು ಜಾವಗಲ್ ಮೇಲೆ ಹಳೇಬೀಡು ದಾಟಿ ಹೋಗುತ್ತಾರೆ. ಅದೇ ಹತ್ತಿರದ ದಾರಿ. ನಾನು ಮಾತ್ರ ಸುಮಾರು ಹತ್ತು ವರ್ಷ ಹಾಸನದವರೆಗೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ, ಸುತ್ತಿ ಬಳಸಿ ಬೇಲೂರು ಸೇರುತ್ತಿದ್ದೆ. ಅಲ್ಲಿ ನನ್ನ ಅಕ್ಕನ ಮನೆ. ಹಬ್ಬಕ್ಕೆ ಹೋದಾಗಲೆಲ್ಲ ತಡವಾಗಿ, ಹಸಿದು, ಸಿಡುಕು ಮುಖ ಹೊತ್ತು ಬರುತ್ತಿದ್ದ ನನ್ನನ್ನು ನೋಡಿ ಅಕ್ಕ, ಹಳೇಬೀಡಿನಲ್ಲಿ ನೀನು ನೋಡಿ ಬೇಡ ಅಂದ ಹೆಣ್ಣು ಯಾರಾದರೂ ಇದ್ದಾಳೇನೋ ಎಂದು ಎಲ್ಲರೆದುರು ರೇಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಹೆಣ್ಣಲ್ಲ, ಕಲ್ಲು ಕೆತ್ತುವ ಒಬ್ಬರಿದ್ದಾರೆ, ಅವರ ಕಣ್ಣಿಗೆ ಬೀಳುವ ಧೈರ್ಯ ನನಗಿಲ್ಲ ಎಂದು ಒಂದು ಸಲವೂ ಹೇಳಲಿಲ್ಲ.

ಅವರಿಗೆ ನಾನು ಮಾಡಿದ ಅನ್ಯಾಯವನ್ನು ಹೇಳಬೇಕಾದರೆ ಮೊದಲು ನನ್ನ ಕೆಲಸದ ವಿಷಯ ಹೇಳಬೇಕು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಅರಸೀಕೆರೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡಿಕೊಂಡಿದ್ದ ನನಗೆ ನಡುವಯಸ್ಸಿನಲ್ಲಿ ಪಿಎಚ್.ಡಿ. ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲಿ ಒಬ್ಬ ಗೈಡ್ ಸಿಕ್ಕರು. ಅವರ ಲ್ಯಾಬಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಲಾರಿಗೆ ಹಾಕಿಸಿ ನಮ್ಮ ಕಾಲೇಜಿಗೆ ಕಳಿಸಿದರು. ಮುರಿದ ಬೆಂಚುಗಳನ್ನು ತುಂಬಿದ್ದ ಹಿಂದಿನ ಕೋಣೆಯನ್ನು ಗುಡಿಸಿ ಅಲ್ಲಿ ಅದನ್ನು ಕೂರಿಸಿದೆ. ದೊಡ್ಡ ಗಾಜಿನ ಗಂಟೆಯೊಂದನ್ನು ಬೋರಲು ಹಾಕಿದಂತಿತ್ತು. ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆದು, ಕೆಳಗೆ ಇಟ್ಟ ಲೋಹವನ್ನು ಆವಿಯಾಗುವಷ್ಟು ಕಾಯಿಸಿದರೆ, ಮೇಲಿದ್ದ ಗಾಜಿನ ಚೂರಿಗೆ ಆ ಆವಿ ಹೋಗಿ ಪೊರೆಯಾಗಿ ಅಂಟಿಕೊಳ್ಳುತ್ತದೆ. ಸಾವಿರಾರು ಪೊರೆ ಒಂದರ ಮೇಲೊಂದು ಇಟ್ಟರೂ ಒಂದು ಕೂದಲಿನ ದಪ್ಪ ಆಗುತ್ತದೋ ಇಲ್ಲವೋ, ಅಷ್ಟು ತೆಳು.

ಲೋಹದ ಹೆಸರು ಗ್ಯಾಡೊಲಿನಿಯಂ. ಹೆಸರು ಕೇಳಿಯೇ ನಮ್ಮ ಪ್ರಿನ್ಸಿಪಾಲರು ಇದು ಹುಡುಗರ ಸಿಲೆಬಸ್ಸಿನಲ್ಲಿ ಇದೆಯೇ ಎಂದು ವಿಚಾರಿಸಿದ್ದರು. ಅದಕ್ಕೊಂದು ವಿಚಿತ್ರ ಗುಣ. ಧನುರ್ಮಾಸದ ಬೆಳಿಗ್ಗೆ ಅರಸೀಕೆರೆಯ ಚಳಿಯಲ್ಲಿ ಅದರ ತುಣುಕನ್ನು ಅಯಸ್ಕಾಂತಕ್ಕೆ ಹಿಡಿದರೆ ಟಪ್ಪೆಂದು ಕಚ್ಚಿಕೊಳ್ಳುತ್ತಿತ್ತು. ಬಿಸಿಲೇರಿದ ಮೇಲೆ ಅದೇ ತುಣುಕು ಬಿಟ್ಟು ಬೀಳುತ್ತಿತ್ತು. ಲೋಹದೊಳಗಿನ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ತಣ್ಣಗಿದ್ದಾಗ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ, ಬಿಸಿಯಾದರೆ ಶಿಸ್ತು ತಪ್ಪಿ ಮನಸ್ಸಿಗೆ ಬಂದ ಕಡೆ ತಿರುಗುತ್ತವೆ. ಶಿಸ್ತಾಗಿ ನಿಂತಿರುವಾಗಲೂ ಸ್ವಲ್ಪ ಕಾವು ಸಿಕ್ಕಿದರೆ ಒಂದರ ಅಲುಗಾಟ ಪಕ್ಕದ್ದಕ್ಕೆ, ಪಕ್ಕದ್ದರಿಂದ ಇನ್ನೊಂದಕ್ಕೆ ದಾಟುತ್ತದೆ, ರಾಗಿ ಹೊಲದ ಮೇಲೆ ಗಾಳಿ ಓಡಿದ ಹಾಗೆ. ಈ ಕಾಂತದ ಅಲೆಗಳು ಕರೆಂಟಿನ ಹರಿವಿಗೆ ಏನು ಮಾಡುತ್ತವೆ ಎನ್ನುವುದು ನನ್ನ ಪ್ರಶ್ನೆಯಾಯಿತು. ಮೊದಲಿಗೆ ಅದು ನನ್ನ ಪ್ರಶ್ನೆಯೇ ಆಗಿರಲಿಲ್ಲ ಎನ್ನುವುದು ಬೇರೆ ಮಾತು.

ಪೊರೆ ಮಾಡುವುದು ಅರಸೀಕೆರೆಯಲ್ಲಿ, ಅಳೆಯುವುದು ಬೆಂಗಳೂರಿನಲ್ಲಿ. ಅಳೆಯುವಾಗ ಪೊರೆಯನ್ನು ಮಂಜುಗಡ್ಡೆಗಿಂತ ಎಷ್ಟೋ ತಣ್ಣಗೆ ಮಾಡಬೇಕು, ಅದಕ್ಕೆ ಬೇಕಾದ ದ್ರವ ಹೀಲಿಯಂ ಅಲ್ಲಿ ಮಾತ್ರ ಸಿಗುತ್ತಿತ್ತು. ಪೊರೆಗಳನ್ನು ಸ್ಟೀಲಿನ ಟಿಫಿನ್ ಬಾಕ್ಸಿನಲ್ಲಿಟ್ಟು, ತೇವ ಹೀರುವ ಪೊಟ್ಟಣಗಳನ್ನು ಸುತ್ತ ತುರುಕಿ, ಮಡಿಲಲ್ಲಿ ಇಟ್ಟುಕೊಂಡು ರೈಲಿನಲ್ಲಿ ಹೋಗುತ್ತಿದ್ದೆ. ಎದುರು ಸೀಟಿನವರು ತಿಂಡಿ ತಿನ್ನುವಾಗ, ನೀವೂ ಬಿಚ್ಚಿ ಎಂದು ಉಪಚಾರ ಮಾಡುತ್ತಿದ್ದರು.

ಯಂತ್ರದೊಳಗೆ ಗಾಜಿನ ಚೂರನ್ನು ಹಿಡಿದಿಡುವ ಪಿಂಗಾಣಿಯ ಹಿಡಿಕೆ ಒಂದು ದಿನ ಒಡೆಯಿತು. ಹೊಸದು ಬರಲು ತಿಂಗಳುಗಟ್ಟಲೆ ಆಗುತ್ತದೆ ಎಂದರು ಗೈಡ್. ಆಗ ನಮ್ಮ ಲ್ಯಾಬಿನ ಅಟೆಂಡರು, ಹಳೇಬೀಡಿನಲ್ಲಿ ತನ್ನ ಷಡ್ಡಕ ಕಲ್ಲು ಕೆತ್ತುತ್ತಾರೆ, ಬಳಪದ ಕಲ್ಲು ಎಷ್ಟು ಕಾಯಿಸಿದರೂ ಬಿರಿಯುವುದಿಲ್ಲ, ಕೇಳಿ ನೋಡಿ ಎಂದರು. ಹೊಯ್ಸಳರ ಕಾಲದ ದೇವಸ್ಥಾನಗಳ ಕಲ್ಲೂ ಅದೇ ಜಾತಿಯದು. ಉಗುರಿನಲ್ಲಿ ಗೀರಿದರೂ ಗೀರಾಗುವಷ್ಟು ಮೆತ್ತಗೆ, ಬೆಂಕಿ ಕಂಡರೆ ಗಟ್ಟಿ. ಎಂಥ ಪಿಂಗಾಣಿಗೂ ಕಡಿಮೆಯಿಲ್ಲ ಎಂದು ಹೊಳೆದು ಮಾರನೆಯ ದಿನವೇ ಬಸ್ಸು ಹತ್ತಿದೆ.

ಅವರು ಪ್ರವಾಸಿಗಳಿಗೆ ಅಂಗೈಯಗಲದ ಆನೆ, ನಂದಿ ಕೆತ್ತಿ ಮಾರುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ನಾನು ಬರೆದು ತಂದಿದ್ದ ಚಿತ್ರವನ್ನು ಹಾಳೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹಿತ್ತಲಿಗೆ ಹೋಗಿ ಕಲ್ಲುಗಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಒಂದೊಂದನ್ನೇ ಎಡಗೈಯಲ್ಲಿ ಎತ್ತಿ, ಉಳಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಕಿವಿಗೆ ಹಿಡಿದರು. ಐದಾರು ಕಲ್ಲು ಪಕ್ಕಕ್ಕಿಟ್ಟು ಏಳನೆಯದನ್ನೋ ಎಂಟನೆಯದನ್ನೋ ಆರಿಸಿದರು. ನನಗೆ ಎಲ್ಲದರ ಸದ್ದೂ ಒಂದೇ. ಅವರ ಅಪ್ಪ ಕಣ್ಣಿಗೆ ಬಟ್ಟೆ ಕಟ್ಟಿ ಕಲ್ಲು ಆರಿಸಲು ಕಲಿಸಿದ್ದರಂತೆ. ಕೆತ್ತುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು, ಕಲ್ಲು ಆರಿಸುವುದೇ ವಿದ್ಯೆ ಎನ್ನುವುದು ಅವರ ಮನೆಯ ಮಾತಂತೆ.

ಹದಿನೈದು ದಿನಕ್ಕೆ ಹಿಡಿಕೆ ತಯಾರಾಯಿತು. ಕುಂಬಾರರ ಆವಿಗೆಯಲ್ಲಿ ಮಡಕೆಗಳ ಜೊತೆ ಸುಟ್ಟು ತಂದಿದ್ದರು. ಗಾಜು ಕೂರುವ ಸೀಳು ಎಷ್ಟು ಕರಾರುವಾಕ್ಕಾಗಿತ್ತೆಂದರೆ ಚೂರು ಒಳಗೆ ಜಾರಿ ತಾನೇ ನಿಂತಿತು. ಯಂತ್ರದಲ್ಲಿ ಅದನ್ನು ಕೂರಿಸುವುದನ್ನು ನೋಡಲೆಂದೇ ಅವರು ಅರಸೀಕೆರೆಗೆ ಬಂದರು. ಗಾಜಿನ ಗಂಟೆಯೊಳಗೆ ಲೋಹ ಕೆಂಪಗೆ, ಆಮೇಲೆ ಬೆಳ್ಳಗೆ ಉರಿಯುವಾಗ, ತನ್ನ ಕಲ್ಲಿಗೆ ಏನಾಗುತ್ತದೋ ಎಂದು ಕಣ್ಣು ಮಿಟುಕಿಸದೆ ನಿಂತಿದ್ದರು. ಕಲ್ಲಿಗೆ ಏನೂ ಆಗಲಿಲ್ಲ. ಅವತ್ತು ಗ್ಯಾಡೊಲಿನಿಯಂ ಆಟ ತೋರಿಸಿದೆ. ಬೆಳಿಗ್ಗೆ ಕಚ್ಚಿ ಮಧ್ಯಾಹ್ನ ಬಿಡುವ ಲೋಹ ಕಂಡು ಅವರಿಗಾದ ಖುಷಿ ನೋಡಿ, ಹಳೆಯ ರೇಡಿಯೋ ಸ್ಪೀಕರಿನಿಂದ ಕಿತ್ತಿದ್ದ ಉಂಗುರದಾಕಾರದ ಅಯಸ್ಕಾಂತವೊಂದನ್ನು ಅವರ ಕೈಗಿಟ್ಟೆ.

ಗೈಡ್ ಹಿಡಿಕೆಯನ್ನು ನೋಡಿ ಬಹಳ ಮೆಚ್ಚಿದರು. ತಮಗೂ ಅಕ್ಕಪಕ್ಕದ ಲ್ಯಾಬಿನವರಿಗೂ ಬೇಕೆಂದು ಹೇಳಿ ಮಾಡಿಸಿದರು. ನೋಡನೋಡುತ್ತ ಹಳೇಬೀಡಿನವರಿಗೆ ಅದೇ ಕಸುಬಾಯಿತು. ಆನೆ ಮಾಡುವುದನ್ನು ಬಿಟ್ಟೆ, ಆನೆ ಯಾರು ಬೇಕಾದರೂ ಮಾಡುತ್ತಾರೆ ಎಂದು ನನ್ನೆದುರೇ ಹೇಳಿದರು. ತಮ್ಮ ಕಲ್ಲು ವಿಜ್ಞಾನಕ್ಕೆ ಹೋಗುತ್ತದೆ ಎಂದು ಅವರ ಹೆಂಡತಿ ಕೇರಿಯೆಲ್ಲ ಹೇಳಿಕೊಂಡು ಬಂದಿದ್ದರಂತೆ.

ಅಷ್ಟರಲ್ಲಿ ನನ್ನ ಗ್ರಾಫ್ ಕೆಟ್ಟಿತು. ಕೆಟ್ಟಿತು ಎಂದು ನಾನು ತಿಳಿದುಕೊಂಡೆ. ಸಾಮಾನ್ಯ ತಂತಿಯನ್ನು ತಣ್ಣಗೆ ಮಾಡಿದಷ್ಟೂ ಕರೆಂಟು ಸಲೀಸಾಗಿ ಹರಿಯುತ್ತದೆ. ನನ್ನ ಪೊರೆಯಂಥ ತೆಳುವಾದ, ಒಳಗೆಲ್ಲ ಅಡ್ಡಾದಿಡ್ಡಿಯಾದ ಲೋಹದಲ್ಲಿ ಇದು ಉಲ್ಟಾ. ಎಲೆಕ್ಟ್ರಾನಿಗೆ ಅಲೆಯ ಗುಣವೂ ಇರುವುದರಿಂದ, ಅಲ್ಲಿಲ್ಲಿ ತಾಗಿ ತಡವರಿಸುತ್ತ ಹೊರಟ ಜಾಗಕ್ಕೇ ಮರಳುವ ಚಾಳಿ ಅದಕ್ಕೆ ಬರುತ್ತದೆ. ತಣ್ಣಗಾದಷ್ಟೂ ಆ ಚಾಳಿ ಜಾಸ್ತಿ, ಹರಿವು ಕಡಿಮೆ. ಹೀಗೆ ಕಡಿಮೆಯಾಗುವುದನ್ನು ಬರೆದರೆ ಎಲ್ಲರಿಗೂ ಗೊತ್ತಿರುವ ಒಂದು ಬಾಗಿದ ಗೆರೆ ಬರಬೇಕು. ನನಗೆ ಅದರ ಮೇಲೆ ಒಂದು ನೇರ ಗೆರೆ ಸೇರಿಕೊಂಡು ಬಂತು. ಕಾವು ಏರಿದಂತೆಲ್ಲ ಹರಿವೂ ಅದೇ ಪ್ರಮಾಣದಲ್ಲಿ ಏರುತ್ತಿತ್ತು. ಮೂರು ಪೊರೆ ಅಳೆದೆ, ಮೂರರಲ್ಲೂ ಅದೇ.

ಕಾಲೇಜು ಕೊಟ್ಟಿದ್ದ ರಜೆ ಮುಗಿಯುತ್ತ ಬಂದಿತ್ತು. ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ, ಡಾಕ್ಟ್ರೇ ಎಂದು ಕರೆದು ನಗುವ ಗುಂಪೊಂದು ಹುಟ್ಟಿಕೊಂಡಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಗೈಡ್ ಕೇಳಿದ್ದು ಒಂದೇ ಪ್ರಶ್ನೆ, ಮೊದಲಿಗಿಂತ ಈಗ ಏನು ಬದಲಾಗಿದೆ ಎಂದು. ಕಲ್ಲು, ಎಂದೆ. ಪಿಂಗಾಣಿಯಲ್ಲಿ ಮಾಡಿದ್ದ ಮೊದಲಿನ ಪೊರೆಗಳು ಇವಕ್ಕಿಂತ ದಪ್ಪ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಊರಿಗೆ ಬಂದು ಒಂದು ಹಿಡಿಕೆಯ ಮೂಲೆ ಮುರಿದು, ಪುಡಿ ಮಾಡಿ, ಅಯಸ್ಕಾಂತ ಹಿಡಿದೆ. ನಾಲ್ಕೈದು ಕಪ್ಪು ಕಣ ಎದ್ದು ಅಂಟಿಕೊಂಡವು. ಆಗ ನನಗೆ ಆದದ್ದು ಸಂತೋಷ. ಇದನ್ನು ಮುಚ್ಚಿಡುವುದಿಲ್ಲ. ತಪ್ಪು ನನ್ನ ಕೈಯಲ್ಲಿ ಇಲ್ಲ, ಕಲ್ಲಿನಲ್ಲಿದೆ, ಅದರ ಕಬ್ಬಿಣ ಪೊರೆಗೆ ಸೇರಿದೆ ಎಂದು ನೆಮ್ಮದಿಯಿಂದ ಊಟ ಮಾಡಿದೆ. ಬೇರೆ ಹಿಡಿಕೆ ಹಾಕಿ ಒಮ್ಮೆ ನೋಡೋಣ ಎನ್ನುವ, ನಾನೇ ಹುಡುಗರಿಗೆ ಮೊದಲ ಪಾಠದಲ್ಲಿ ಹೇಳಿಕೊಡುವ ಮಾತು ಆ ದಿನ ನನ್ನ ತಲೆಗೆ ಬರಲಿಲ್ಲ. ಬಂದಿದ್ದರೂ ಬೇಡವಾಗಿತ್ತೇನೋ.

ಗೈಡ್‌ಗೂ ಉಳಿದ ಲ್ಯಾಬಿನವರಿಗೂ ಪತ್ರ ಬರೆದೆ. ಸ್ಥಳೀಯ ಕಲ್ಲುಕುಟಿಗರೊಬ್ಬರು ಕಲ್ಲನ್ನು ಸರಿಯಾಗಿ ಆರಿಸದ ಕಾರಣ ಅದರಲ್ಲಿ ಕಬ್ಬಿಣದ ಅಂಶ ಉಳಿದಿದೆ, ದಯವಿಟ್ಟು ಬಳಸಬೇಡಿ ಎಂದು. ಸರಿಯಾಗಿ ಆರಿಸದ ಕಾರಣ ಎಂದು ನಾನು ಯಾಕೆ ಸೇರಿಸಿದೆನೋ. ಆ ಮೂರು ಪದ ಇಲ್ಲದೆಯೂ ಪತ್ರ ಪೂರ್ತಿಯಾಗುತ್ತಿತ್ತು.

ಹಿಡಿಕೆಗಳೆಲ್ಲ ಹಳೇಬೀಡಿಗೆ ವಾಪಸ್ಸು ಹೋದವು. ಅವರು ಅವನ್ನೆಲ್ಲ ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಅರಸೀಕೆರೆಗೆ ಬಂದರು. ಚೀಲವನ್ನು ಲ್ಯಾಬಿನ ಬಾಗಿಲಲ್ಲೇ ಇಟ್ಟು ನಿಂತರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಕಲ್ಲಲ್ಲಿ ಏನ್ ಐಬೈತೆ ಸಾ?"

ಕಬ್ಬಿಣ ಇದೆ ಎಂದೆ. ಪುಡಿಯ ಮೇಲೆ ಅಯಸ್ಕಾಂತ ಹಿಡಿದು ತೋರಿಸಿದೆ. ಅವರು ಬಗ್ಗಿ ಆ ನಾಲ್ಕು ಕಣಗಳನ್ನು ಬಹಳ ಹೊತ್ತು ನೋಡಿದರು. ವಾದ ಮಾಡಲಿಲ್ಲ. ನನ್ನ ಮೇಲೆ ಕೂಗಾಡಿದ್ದರೆ ನಾನೂ ಕೂಗಾಡಿ ಹಗುರವಾಗುತ್ತಿದ್ದೆ.

"ತಟ್ಟುದ್ರೆ ಚೆನ್ನಾಗೇ ಕೇಳುಸ್ತು ಸಾ. ನನ್ ಕಿವೀನೇ ಮೋಸ ಮಾಡ್ತು ಅನ್ಸುತ್ತೆ," ಎಂದರು. ಚೀಲ ಹೊತ್ತುಕೊಂಡು ಹೋದರು.

ಇದಾಗಿ ಎರಡೋ ಮೂರೋ ತಿಂಗಳಿಗೆ ಹೊಸ ಪಿಂಗಾಣಿ ಹಿಡಿಕೆ ಬಂತು. ಪೊರೆ ಮಾಡಿದೆ, ರೈಲಿನಲ್ಲಿ ಒಯ್ದೆ, ಅಳೆದೆ. ಅದೇ ನೇರ ಗೆರೆ. ಗಾಜಿನ ತಟ್ಟೆಯನ್ನೇ ಕತ್ತರಿಸಿ ಒಂದು ಹಿಡಿಕೆ ಮಾಡಿ ನೋಡಿದೆ, ಮತ್ತೆ ಅದೇ. ಗ್ರಾಫಿನ ಹಾಳೆಯನ್ನು ಹಳೆಯದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಎರಡೂ ಗೆರೆ ಒಂದರ ಮೇಲೊಂದು ಕೂತವು. ಕಲ್ಲು ಏನೂ ಮಾಡಿರಲಿಲ್ಲ. ಅದರ ನಾಲ್ಕು ಕಣ ಕಬ್ಬಿಣ ಅದರೊಳಗೇ ಇತ್ತು, ಸುಟ್ಟ ಮೇಲೆ ಅಲುಗಾಡದೆ.

ಗೈಡ್ ಹಾಳೆಗಳನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಆ ಗೆರೆ ತಪ್ಪಲ್ಲ, ಅದೇ ಉತ್ತರ ಎಂದರು. ಲೋಹದೊಳಗೆ ಓಡುವ ಆ ಕಾಂತದ ಅಲೆಗಳು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿ ಹೊಡೆದರೆ ಹರಿವಿಗೆ ಅಡ್ಡಿಯಾಗಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಡಿಕ್ಕಿ ತಿಂದ ಎಲೆಕ್ಟ್ರಾನು ಹೊರಟ ಜಾಗಕ್ಕೆ ಮರಳುವ ದಾರಿಯ ಲಯವನ್ನು ಮರೆಯುತ್ತದೆ, ಮರೆತು ಮುಂದಕ್ಕೆ ಹೋಗುತ್ತದೆ. ಕಾವು ಏರಿದಷ್ಟೂ ಅಲೆ ಹೆಚ್ಚು, ಮರೆವು ಹೆಚ್ಚು, ಹರಿವೂ ಹೆಚ್ಚು. ನನ್ನ ಥೀಸಿಸ್ಸಿನ ನಡುವಿನ ಅಧ್ಯಾಯ, ಎಲ್ಲರೂ ಹೊಗಳಿದ ಅಧ್ಯಾಯ, ಅದೇ. ಸ್ಟಾಫ್ ರೂಮಿನವರು ನಗದೆ ಡಾಕ್ಟ್ರೇ ಎಂದು ಕರೆಯತೊಡಗಿದರು.

ಕಲ್ಲಿನ ವಿಷಯ ಯಾರೂ ಕೇಳಲಿಲ್ಲ. ಕೇಳದಿದ್ದರೆ ಹೇಳಬಾರದು ಎಂದೇನಿರಲಿಲ್ಲ. ಇನ್ನೊಂದು ಪತ್ರ, ಕಲ್ಲು ಚೆನ್ನಾಗಿದೆ, ಆರಿಸಿದವರೂ ಸರಿಯಾಗಿ ಆರಿಸಿದ್ದಾರೆ, ತಪ್ಪು ನನ್ನದು ಎಂದು ನಾಲ್ಕು ಸಾಲು. ಬರೆಯಲು ಕೂತಿದ್ದೂ ಉಂಟು. ಬರೆದರೆ ಮೊದಲ ಪತ್ರವನ್ನು ಪರೀಕ್ಷೆ ಮಾಡದೆ ಬರೆದಿದ್ದೆ ಎಂದು ಒಪ್ಪಿಕೊಳ್ಳಬೇಕಿತ್ತು, ವೈವಾ ಮುಗಿಯಲಿ ಎಂದು ಮುಂದಕ್ಕೆ ಹಾಕಿದೆ. ವೈವಾ ಮುಗಿಯಿತು. ಆಮೇಲೆ, ಇಷ್ಟು ದಿನವಾದ ಮೇಲೆ ಹೇಳಿದರೆ ಅವರಿಗೂ ಸುಮ್ಮನೆ ನೋವು ಎಂದು ಅವರ ಪರವಾಗಿ ಯೋಚಿಸಿದೆ. ಪರರ ಪರವಾಗಿ ಯೋಚಿಸುವುದರಲ್ಲಿ ನಾನು ಯಾವತ್ತೂ ಮುಂದು. ಅಟೆಂಡರು, ಷಡ್ಡಕ ಮತ್ತೆ ಆನೆ ಮಾಡುತ್ತಿದ್ದಾರೆ ಎಂದು ಒಮ್ಮೆ ಹೇಳಿದರು. ಸರಿ, ಜೀವನ ನಡೆಯುತ್ತಿದೆಯಲ್ಲ ಎಂದುಕೊಂಡೆ. ಹಾಸನದ ಬಸ್ಸು ಹಿಡಿಯತೊಡಗಿದ್ದು ಆಗಿನಿಂದ.

ಹತ್ತು ವರ್ಷ ಕಳೆದ ಮೇಲೆ ಒಂದು ಯುಗಾದಿಗೆ ಬೇಲೂರಿಗೆ ಹೋದಾಗ ಅಕ್ಕನ ಅಡುಗೆಮನೆಯಲ್ಲಿ ಹೊಸದೊಂದು ಬಳಪದ ಕಲ್ಲಿನ ಪಾತ್ರೆ ಕಂಡೆ. ಅದರಲ್ಲಿ ಸಾರು ಕಾಯಿಸಿದರೆ ಇಳಿಸಿದ ಮೇಲೂ ಅರ್ಧ ಗಂಟೆ ಕುದಿಯುತ್ತದೆ ಎಂದು ಅಕ್ಕನಿಗೆ ಹೆಮ್ಮೆ. ಹಳೇಬೀಡಿನಲ್ಲಿ ತಂದಳಂತೆ. ಮಾಡಿಕೊಡಲು ಎರಡು ತಿಂಗಳು ಸತಾಯಿಸಿದರು ಎಂದು ಬೈಯುತ್ತಲೇ ಹೇಳಿದಳು.

"ಆಯಪ್ಪ ಕಲ್ಲಿಗೆಲ್ಲ ಅಯಸ್ಕಾಂತ ಹಿಡಿದು ನೋಡ್ತಾರೆ ಕಣೋ. ದಾರದಲ್ಲಿ ಕಟ್ಟಿ ನೇತು ಹಾಕ್ಕೊಂಡಿದಾರೆ. ಒಂಚೂರು ಎಳೆದ್ರೂ ಆ ಕಲ್ಲು ಬೇಡ ಅಂತ ಎಸೆದುಬಿಡ್ತಾರೆ. ಸಾರು ಕಾಯಿಸೋ ಪಾತ್ರೆಗೆ ಇದೆಲ್ಲ ಯಾಕಪ್ಪ ಅಂದ್ರೆ, ಕಲ್ಲು ಶುದ್ಧ ಇರಬೇಕು ಅಂತಾರೆ."

ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟೆ. ಅಕ್ಕನಿಗೆ ಅವತ್ತು ಎಲ್ಲ ಹೇಳಿದೆ. ಅವಳು ರೇಗಿಸಲಿಲ್ಲ. ನಾಳೆ ಹೋಗುವಾಗ ಹಳೇಬೀಡಿನ ಮೇಲೆ ಹೋಗು ಎಂದಷ್ಟೇ ಹೇಳಿ ಒಳಗೆ ಹೋದಳು.

ಹೋದೆ. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜಗುಲಿಯಲ್ಲಿ ಇಪ್ಪತ್ತರ ಆಸುಪಾಸಿನ ಮಗಳು ಪಾತ್ರೆಯೊಂದರ ಒಳಮೈ ತೋಡುತ್ತಿದ್ದಳು. ತೊಲೆಯಿಂದ ಇಳಿಬಿಟ್ಟ ದಾರದಲ್ಲಿ ನಾನೇ ಕೊಟ್ಟ ಉಂಗುರದ ಅಯಸ್ಕಾಂತ. ನನ್ನನ್ನು ಕಂಡು ಅವರು ಸಂಭ್ರಮದಿಂದ ಎದ್ದರು, ಮಗಳಿಗೆ ಕಾಫಿ ಮಾಡಲು ಹೇಳಿದರು. ಈಗ ತಪ್ಪೇ ಆಗುವುದಿಲ್ಲ, ನೋಡಿ ಬನ್ನಿ ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ಬೇಲಿಯ ಉದ್ದಕ್ಕೂ ನನ್ನ ಎದೆಯೆತ್ತರ ಕಲ್ಲಿನ ರಾಶಿ. ಮಳೆ ಬಿದ್ದು ಬಿದ್ದು ಪಾಚಿಗಟ್ಟಿದ ಕಲ್ಲುಗಳು, ಮೇಲೆ ಮೊನ್ನೆಮೊನ್ನೆ ಎಸೆದವು. ಅಯಸ್ಕಾಂತಕ್ಕೆ ಒಂದಿಷ್ಟು ಮಿಡುಕಿದವೆಲ್ಲ ಅಲ್ಲಿದ್ದವು. ತಳದಲ್ಲಿ ಹರಿದ ಗೋಣಿಚೀಲವೊಂದರ ಅಂಚು ಕಾಣುತ್ತಿತ್ತು.

ಅಲ್ಲೇ ನಿಂತು ಹೇಳಿದೆ. ಕಲ್ಲಿನಲ್ಲಿ ಐಬು ಇರಲಿಲ್ಲ, ಆ ಕಬ್ಬಿಣದಿಂದ ಏನೂ ಆಗಿರಲಿಲ್ಲ, ಆ ಗೆರೆ ನನ್ನ ಲೋಹದ್ದೇ ಗುಣ, ನೀವು ಚೀಲ ಹೊತ್ತು ಹೋದ ಎರಡು ಮೂರು ತಿಂಗಳಿಗೇ ಇದು ನನಗೆ ಗೊತ್ತಾಯಿತು, ಹೇಳಲಿಲ್ಲ ಎಂದೆ. ಗೊತ್ತಾಗಿ ಎಷ್ಟು ಕಾಲವಾಯಿತು ಎನ್ನುವುದನ್ನು ನುಂಗಿಕೊಳ್ಳಬೇಕೆಂದು ಬಸ್ಸಿನಲ್ಲಿ ನಿರ್ಧರಿಸಿದ್ದೆ. ಬಾಯಿಂದ ಬಂದುಬಿಟ್ಟಿತು. ಕ್ಷಮಿಸಿ ಎಂದು ಕೈಮುಗಿದೆ.

ಅವರು ರಾಶಿಯ ಕಡೆ ತಿರುಗಿದರು. ಕಾಫಿಯ ಲೋಟ ಹಿಡಿದು ಬಂದ ಮಗಳು ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಹೋಗ್ಲಿ ಬಿಡಿ ಸಾ," ಎಂದರು ಕೊನೆಗೆ. "ಕಲ್ಲು ಎಲ್ಲೂ ಹೋಗಲ್ಲ. ಆದ್ರೆ ಇವ್ಳಿಗೆ ನಾನು ತಟ್ಟಿ ಕೇಳೋದು ಕಲಿಸ್ಲೇ ಇಲ್ಲ. ನನ್ ಕಿವಿ ನಂಬೋದಲ್ಲ ಅಂತ, ಎಲ್ಲಾ ಆ ದಾರದ ಮ್ಯಾಲೆ ಬಿಟ್ಟೆ."

ರಾಶಿಯಿಂದ ಒಂದು ಕಲ್ಲು ಎತ್ತಿದರು. ಸೊಂಟದಿಂದ ಉಳಿ ತೆಗೆದು ಹಿಂಬದಿಯಿಂದ ತಟ್ಟಿ ಕಿವಿಗೆ ಹಿಡಿದರು. ಇನ್ನೊಂದನ್ನು ತಟ್ಟಿದರು. ಮತ್ತೆ ಮೊದಲಿನದು. ನಲವತ್ತು ವರ್ಷ ಉಳಿ ಸುತ್ತಿಗೆಯ ಸದ್ದಿನಲ್ಲೇ ಕೂತವರು. ನನ್ನ ಮಾತನ್ನೂ ಅವರು ತುಟಿ ನೋಡಿಯೇ ಕೇಳುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ಎರಡೂ ಕಲ್ಲನ್ನು ನನ್ನ ಕಡೆ ಚಾಚಿದರು.

"ನಂಗೀಗ ಎಲ್ಡೂ ಒಂದೇ ಥರ ಐತೆ. ನಿಮಗೆ ಏನಾರ ಗೊತ್ತಾಯ್ತದಾ ಸಾ?"

ಉಳಿ ತೆಗೆದುಕೊಂಡು ತಟ್ಟಿದೆ. ಒಂದು ಸಲ, ಎರಡು ಸಲ, ಮೂರು ಸಲ. ಮಗಳು ಹತ್ತಿರ ಬಂದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಗೊತ್ತಾಗಲಿಲ್ಲ. ಗೊತ್ತಾಗುವುದಿಲ್ಲ ಎಂದು ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.